ಸಂಘದ ಬೀಗದಕೈ ಯಾರ ಬಳಿ ಇದೆ?



ನಮ್ಮ ಧರ್ಮಕೇಂದ್ರಗಳ ಆಶ್ರಯದಲ್ಲಿ ಅಥವಾ ಅವುಗಳ ನೆರೆಯಲ್ಲಿ ನಡೆಯುತ್ತಿರುವ ಸಣ್ಣಪುಟ್ಟ ಸೇವಾಸಂಘಗಳಲ್ಲಿ, ಖಜಾಂಚಿ ಬದಲಾಗುವ ದಿನ ಒಂದು ಪದ್ಧತಿಯುಂಟು. ಹಳೆಯ ಖಜಾಂಚಿ ಕಬ್ಬಿಣದ ಪೆಟ್ಟಿಗೆಯೊಂದನ್ನು ತಂದು ಸಭೆಯ ಮುಂದಿಡುತ್ತಾರೆ. ಅದರೊಳಗೆ ನಗದು ಪುಸ್ತಕ, ಖಾತೆ ಪುಸ್ತಕ, ಬಳಸಿದ ಹಾಗೂ ಬಳಸದ ರಸೀದಿ ಪುಸ್ತಕಗಳು, ಬ್ಯಾಂಕಿನ ಪಾಸ್‌ಪುಸ್ತಕ, ಸಂಘದ ಮೊಹರು. ಒಂದೊಂದನ್ನೂ ಹೆಸರಿಸಿ, ಎಣಿಸಿ, ನಡಾವಳಿ ಪುಸ್ತಕದಲ್ಲಿ ಬರೆದು, ಇಬ್ಬರ ಸಹಿ ಹಾಕಿಸಿ, ಕಡೆಗೆ ಬೀಗದಕೈಯನ್ನು ಹೊಸಬರ ಕೈಗೆ ಒಪ್ಪಿಸುವುದು ಕ್ರಮ. ಹೊಲಿಗೆ ತರಬೇತಿ ಕೇಂದ್ರವಿರಲಿ, ಮಹಿಳೆಯರ ಉಳಿತಾಯದ ಗುಂಪಿರಲಿ, ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಘಟಕವಿರಲಿ, ಈ ಒಂದು ಶಿಸ್ತನ್ನು ಹಿರಿಯರು ಬಿಟ್ಟುಕೊಟ್ಟವರಲ್ಲ.

ಆದರೆ ಕಳೆದ ಐದಾರು ವರ್ಷಗಳಲ್ಲಿ ಸಂಘಕ್ಕೆ ಇನ್ನೊಂದು ಪೆಟ್ಟಿಗೆಯೂ ಬಂದು ಸೇರಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೂ ಬೀಗವುಂಟು, ಬೀಗದಕೈಯೂ ಉಂಟು. ಅದು ಯಾರ ಜೇಬಿನಲ್ಲಿದೆ ಎಂಬುದನ್ನು ಮಾತ್ರ ಯಾವ ನಡಾವಳಿ ಪುಸ್ತಕದಲ್ಲಿಯೂ ಬರೆದಿಲ್ಲ.

ಚನ್ನಪಟ್ಟಣದ ಕಡೆಯ ಒಂದು ಸಂಘದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಹೆಸರು ಬೇಡ, ಹೇಳಿದರೆ ನೋಯುವವರೆಲ್ಲ ಒಳ್ಳೆಯವರೇ. 2020ರ ಹಣಕಾಸು ಕಾಯ್ದೆಯ ಫಲವಾಗಿ, ಅಲ್ಲಿಯವರೆಗೆ ಶಾಶ್ವತವೆಂದು ತಿಳಿದಿದ್ದ ಆದಾಯ ತೆರಿಗೆ ವಿನಾಯಿತಿಯ ನೋಂದಣಿಯನ್ನು ದೇಶದ ಎಲ್ಲ ಧರ್ಮಾರ್ಥ ಸಂಸ್ಥೆಗಳೂ 2021ರಿಂದಾಚೆಗೆ ಹೊಸದಾಗಿ ಮಾಡಿಸಿಕೊಳ್ಳಬೇಕಾಯಿತು. ಅರ್ಜಿಯನ್ನು ಇಲಾಖೆಯ ಅಂತರ್ಜಾಲ ತಾಣದಲ್ಲಿಯೇ ಸಲ್ಲಿಸಬೇಕಿತ್ತು. ಸಂಘದಲ್ಲಿ ಅದನ್ನು ಬಲ್ಲವನು ಒಬ್ಬನೇ ತರುಣ. ಒಂದು ರಾತ್ರಿ ಕುಳಿತು, ತನ್ನ ಮೊಬೈಲ್ ಸಂಖ್ಯೆ, ತನ್ನ ಇ-ಮೇಲ್ ವಿಳಾಸ ಕೊಟ್ಟು ಎಲ್ಲವನ್ನೂ ಮುಗಿಸಿಕೊಟ್ಟ. ಎಲ್ಲರೂ ಅವನನ್ನು ಹರಸಿದರು. ಎರಡು ವರ್ಷದ ಬಳಿಕ ಅವನು ಗಲ್ಫ್ ದೇಶಕ್ಕೆ ಉದ್ಯೋಗಕ್ಕೆ ಹೋದ. ಇಲ್ಲಿಯ ಮೊಬೈಲ್ ಸಂಖ್ಯೆ ಕೆಲವು ತಿಂಗಳಲ್ಲಿ ರದ್ದಾಗಿ ಮತ್ತಾರ ಪಾಲೋ ಆಯಿತು.

2021-22ರ ಆರ್ಥಿಕ ವರ್ಷದಿಂದ ಇನ್ನೊಂದು ಕರ್ತವ್ಯವೂ ಸಂಸ್ಥೆಗಳ ಮೇಲೆ ಬಿದ್ದಿತು. ಯಾವ ದಾನಿ ಎಷ್ಟು ಕೊಟ್ಟರೆಂಬ ವಿವರವನ್ನು ದಾನಿಯ ಗುರುತಿನ ಸಂಖ್ಯೆಯ ಸಹಿತ ಮೇ 31ರೊಳಗೆ ಸಲ್ಲಿಸಿ, ಅಲ್ಲಿಂದಲೇ ದಾನಿಗೆ ಪ್ರಮಾಣಪತ್ರ ತೆಗೆದುಕೊಡಬೇಕು. ತಡವಾದರೆ ದಿನವೊಂದಕ್ಕೆ 200 ರೂಪಾಯಿಯಂತೆ ಶುಲ್ಕ ಎಂದು ನಿಯಮವಾಯಿತು. 2025ರ ಮೇ ತಿಂಗಳಲ್ಲಿ ಆ ಸಂಘದ ಹೊಸ ಕಾರ್ಯದರ್ಶಿಗಳು ಚನ್ನಪಟ್ಟಣದ ಸೈಬರ್ ಅಂಗಡಿಯಲ್ಲಿ ಕುಳಿತರು. ಓಟಿಪಿ ಹೋದುದು ಅಪರಿಚಿತನ ಮೊಬೈಲಿಗೆ. ಗಲ್ಫಿನ ತರುಣನಿಗೆ ಪಾಸ್‌ವರ್ಡ್ ನೆನಪಿಲ್ಲ. ಬೆಂಗಳೂರಿನ ದಾನಿಯೊಬ್ಬರು ಪ್ರತಿ ಜೂನ್‌ನಲ್ಲಿ ಏಳು ಮಕ್ಕಳ ಶಾಲಾ ಶುಲ್ಕಕ್ಕೆಂದು ಹಣ ಕಳುಹಿಸುತ್ತಿದ್ದವರು, ಹಿಂದಿನ ವರ್ಷದ ಪ್ರಮಾಣಪತ್ರ ಬಂದ ಮೇಲೆ ಈ ವರ್ಷದ್ದನ್ನು ನೋಡೋಣವೆಂದರು. ಅವರದೂ ತಪ್ಪೆನ್ನುವಂತಿಲ್ಲ. ಮೂವರು ಮಕ್ಕಳ ತಾಯಂದಿರು ಸಾಲ ಮಾಡಿದರು. ಒಬ್ಬ ಹುಡುಗಿ ಆಗಸ್ಟ್‌ವರೆಗೆ ಶಾಲೆಯ ಮುಖ ನೋಡಲಿಲ್ಲ. ಅದೇ ಹೊತ್ತಿಗೆ 2021ರಲ್ಲಿ ಪಡೆದ ಐದು ವರ್ಷದ ನೋಂದಣಿಯೂ 2026ರ ಮಾರ್ಚ್‌ಗೆ ಮುಗಿಯುವುದರಲ್ಲಿತ್ತು. ಅದರ ನವೀಕರಣದ ಅರ್ಜಿಗೆ 2025ರ ಸೆಪ್ಟೆಂಬರ್ 30 ಕಡೆಯ ದಿನ. ಲೆಕ್ಕಪರಿಶೋಧಕರ ಕಛೇರಿಗೂ ಬೆಂಗಳೂರಿಗೂ ಎಷ್ಟು ಬಾರಿ ಅಲೆದರೆಂಬುದನ್ನು ಕಾರ್ಯದರ್ಶಿಗಳು ಈಗ ನಗುತ್ತ ಹೇಳುತ್ತಾರೆ, ಆಗ ನಗುವಂತಿರಲಿಲ್ಲ.

ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ, ಯಾರೂ ಸೋಮಾರಿಗಳಾಗಿರಲಿಲ್ಲ. ಬೀಗದಕೈಯನ್ನು ಒಪ್ಪಿಸಿಕೊಳ್ಳಬೇಕೆಂಬ ವಿಚಾರವೇ ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಸಣ್ಣ ಸಂಘಗಳಿಗೆ ಆಧುನಿಕ ತಂತ್ರಜ್ಞಾನದ ನೆರವು ಬೇಕೆಂದು ನಾವು ಹೇಳಿದಾಗ, ಬಹುಮಂದಿಯ ಮನಸ್ಸಿಗೆ ಮೊದಲು ಬರುವುದು ಗಣಕಯಂತ್ರದ ದಾನ. ವಿರೂಪಾಕ್ಷಿಪುರ ಹೋಬಳಿಯ ಹಾದಿಯಲ್ಲಿ ಇತ್ತೀಚೆಗೆ ಹೊಲಿಗೆ ಕೇಂದ್ರವೊಂದಕ್ಕೆ ಹೋಗಿದ್ದೆವು. ಮೂಲೆಯ ಮೇಜಿನ ಮೇಲೆ ಗಣಕಯಂತ್ರವೊಂದಿತ್ತು. ಅದಕ್ಕೆ ಕೇಂದ್ರದ ಹುಡುಗಿಯರೇ ಕಸೂತಿ ಹಾಕಿದ ಅಂದವಾದ ಹೊದಿಕೆ. ಹದಿನೆಂಟು ವರ್ಷಗಳಿಂದ ಅಲ್ಲಿ ಲೆಕ್ಕ ಬರೆಯುತ್ತಿರುವ ಅಕ್ಕನನ್ನು ವಿಚಾರಿಸಿದೆವು. “ಕಂಪನಿಯವರು ಬಂದು ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು ಸಾರ್. ನಿನಗೆ ಏನು ಬೇಕಮ್ಮ ಅಂತ ಒಬ್ಬರೂ ಕೇಳಲಿಲ್ಲ,” ಎಂದರು. ಅವರಿಗೆ ಬೇಕಾಗಿದ್ದುದು ಮುದ್ರಣಯಂತ್ರ. ತಿಂಗಳಿಗೆ ನಲವತ್ತು ರಸೀದಿ, ಎರಡು ಪತ್ರ, ವರ್ಷಕ್ಕೊಂದು ವರದಿ. ಇಷ್ಟಕ್ಕಾಗಿ ಅವರು ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿಬರುತ್ತಿದ್ದರು.

ಆ ಯಂತ್ರವಾದರೂ ಹೊಸದಲ್ಲ. ಕಂಪನಿಯಲ್ಲಿ ಬಳಸಿ ಬದಿಗಿಟ್ಟದ್ದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ವಿಂಡೋಸ್ 11 ಇಂಥ ಅನೇಕ ಹಳೆಯ ಯಂತ್ರಗಳಿಗೆ ಹೊಂದುವುದಿಲ್ಲ. ಹಾಗಾದರೆ ಅದನ್ನು ಗುಜರಿಗೆ ಹಾಕಬೇಕೇ? ಬೇಕಿಲ್ಲ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನೂ ಲಿಬ್ರೆಆಫೀಸ್ ಎಂಬ ಕಛೇರಿ ತಂತ್ರಾಂಶವನ್ನೂ ಹಾಕಿದರೆ, ಬಿಡಿಕಾಸಿನ ಪರವಾನಗಿ ವೆಚ್ಚವಿಲ್ಲದೆ ಇನ್ನೂ ಹಲವು ವರ್ಷ ದುಡಿದೀತು. ಇದನ್ನು ಬಲ್ಲ ತರುಣರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಆ ಅಕ್ಕನಿಗೆ ಅದನ್ನು ಹೇಳಿದವರಿರಲಿಲ್ಲ.

ಹಳ್ಳಿಯವರು ಯಂತ್ರಕ್ಕೆ ಹೆದರುತ್ತಾರೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಬಂದು ವರ್ಷಗಳೇ ಆದವು. ಗೂಡು ತಂದ ರೈತ, ಕೊಳ್ಳುವ ರೀಲರ್ ಇಬ್ಬರೂ ಅದಕ್ಕೆ ಒಗ್ಗಿಕೊಂಡರು. ನಮ್ಮ ಊರುಗಳ ಡೇರಿಗಳಲ್ಲಿ ಹಾಲಿನ ತೂಕವನ್ನೂ ಕೊಬ್ಬಿನ ಅಂಶವನ್ನೂ ಯಂತ್ರವೇ ನೋಡಿ ಚೀಟಿ ಕೊಡುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಆ ಚೀಟಿಯ ಅಂಕಿಯನ್ನು ನೋಡಿ ತಕರಾರು ಮಾಡಬಲ್ಲಳು. ತನಗೆ ಬರಬೇಕಾದ ಹಣ, ತನ್ನ ಕೈಯಲ್ಲಿರುವ ಚೀಟಿ. ಇವೆರಡೂ ಕಣ್ಣಿಗೆ ಕಂಡದ್ದರಿಂದ ಅವಳು ಕಲಿತಳು. ಸಂಘದ ಲೆಕ್ಕ ಬರೆಯುವವರಿಗೆ ಅಂಥದ್ದೇನೂ ಕಾಣಿಸಲಿಲ್ಲ. ಅವರಿಗೆ ಕಂಡದ್ದು ಹೆಚ್ಚಿದ ಕೆಲಸ, ಮತ್ತು ಇನ್ನು ನಿನ್ನ ಪುಸ್ತಕ ಬೇಡ ಎಂಬ ಮಾತು.

ಕನ್ನಡದ ವಿಷಯಕ್ಕೆ ಬರೋಣ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇಂಗ್ಲಿಷಿನಲ್ಲಿ ವ್ಯವಹರಿಸುವ ನಗರದ ಸಂಸ್ಥೆಗಳಿಗೆ ಈ ತೊಂದರೆಯ ಅರಿವೇ ಇರುವುದಿಲ್ಲ. ನಮ್ಮ ಸಂಘಗಳು ಗಣಕಯಂತ್ರದಲ್ಲಿ ಕನ್ನಡ ಬರೆಯಲು ತೊಡಗಿದುದು ಸುಮಾರು 2000ದ ಆಸುಪಾಸಿನಲ್ಲಿ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತ್ತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಛೇರಿಗಳನ್ನೂ ಮುದ್ರಣಾಲಯಗಳನ್ನೂ ಹೊಕ್ಕಿತು. ಅದರ ಕೀಲಿಮಣೆಯ ವಿನ್ಯಾಸಕ್ಕೆ ಆಧಾರವಾದುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡಕ್ಕೆ ಈ ಮಹನೀಯರು ಮಾಡಿದ ಉಪಕಾರ ಸಣ್ಣದಲ್ಲ.

ಆದರೆ ಆ ಕಾಲದ ಅಕ್ಷರಶೈಲಿಗಳು ಒಂದು ಉಪಾಯದ ಮೇಲೆ ನಿಂತಿದ್ದವು. ಗಣಕಯಂತ್ರವು ತನ್ನೊಳಗೆ ಇಂಗ್ಲಿಷಿನ ಅಕ್ಷರವನ್ನೇ ಇರಿಸಿಕೊಳ್ಳುತ್ತಿತ್ತು. ಪರದೆಯ ಮೇಲೆ ಅದಕ್ಕೆ ಕನ್ನಡದ ವೇಷ ತೊಡಿಸಲಾಗುತ್ತಿತ್ತು. ವೇಷದ ಪೆಟ್ಟಿಗೆ, ಅಂದರೆ ಆ ಅಕ್ಷರಶೈಲಿ, ಇನ್ನೊಂದು ಯಂತ್ರದಲ್ಲಿ ಇಲ್ಲವಾದರೆ ‘ಕ’ ಎಂಬಲ್ಲಿ ಇಂಗ್ಲಿಷಿನ ‘ಪಿ’ಯೂ ಅದರ ಪಕ್ಕದಲ್ಲಿ ತಲೆಯ ಮೇಲೆ ಗೀರುಳ್ಳ ‘ಎ’ಯೂ ಕಾಣಿಸಿಕೊಳ್ಳುತ್ತವೆ. ಯೂನಿಕೋಡ್ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯುಂಟು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದನ್ನು ತೋರಿಸುವ ಅಕ್ಷರಶೈಲಿಯೂ ಬಂದಿತು. ಆದರೂ ಹಳೆಯ ರೂಢಿ ಬಹುಕಾಲ ಬಿಡಲಿಲ್ಲ. ಕೆಲವೆಡೆ ಇಂದಿಗೂ ಬಿಟ್ಟಿಲ್ಲ.

ಇದರ ಪರಿಣಾಮವೇನು? ಸಂಘವೊಂದರ ಇಪ್ಪತ್ತು ವರ್ಷದ ವರದಿಗಳು, ವಿಧವೆಯರ ಪಿಂಚಣಿಗಾಗಿ ಬರೆದ ಅರ್ಜಿಗಳು, ವಿದ್ಯಾರ್ಥಿವೇತನ ಪಡೆದವರ ಪಟ್ಟಿ, ಎಲ್ಲವೂ ಕಡತಗಳಲ್ಲಿವೆ, ತೆರೆದರೆ ಓದಲಾಗದು. ಓದುವಂತಿದ್ದರೂ ಒಂದು ಹೆಸರನ್ನು ಹುಡುಕೆಂದರೆ ಯಂತ್ರ ಹುಡುಕಿಕೊಡದು; ಅಕಾರಾದಿಯಾಗಿ ಜೋಡಿಸೆಂದರೆ ಜೋಡಿಸದು; ಮೊಬೈಲಿಗೆ ಕಳುಹಿಸಿದರೆ ಅಲ್ಲಿ ಕಾಣದು. ಎಷ್ಟೋ ಕಡೆ ಹೊಸ ಯಂತ್ರ ಬಂದ ದಿನ ಇಂಥ ಕಡತಗಳನ್ನು ಕೆಟ್ಟುಹೋದವೆಂದು ತಿಳಿದು ಅಳಿಸಿಬಿಟ್ಟಿದ್ದಾರೆ. ಅವು ಕೆಟ್ಟಿರಲಿಲ್ಲ.

ಹಳೆಯ ನುಡಿಯ ಬರಹವನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳನ್ನು ಕನ್ನಡದ ಸ್ವಯಂಸೇವಕರೇ ತಯಾರಿಸಿ ಉಚಿತವಾಗಿ ಹಂಚಿದ್ದಾರೆ. ಒಂದು ಕಡತಕ್ಕೆ ಕೆಲವು ನಿಮಿಷ ಸಾಕು. ಆದರೆ ಮಾರ್ಪಡಿಸಿದವರು ಅಷ್ಟಕ್ಕೆ ಎದ್ದುಹೋಗಬಾರದು. ಅರ್ಕಾವೊತ್ತು ತಪ್ಪಿದ ಸ್ಥಳಕ್ಕೆ ಹೋಗುವುದುಂಟು. ನಡುವೆ ಇಂಗ್ಲಿಷಿನಲ್ಲಿದ್ದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗುವುದುಂಟು. ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು, ಹೊಸದನ್ನು ಅಚ್ಚುಮಾಡಿ, ಆ ಜನರನ್ನು ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು ಓದಿ ತಿದ್ದಬೇಕು. ಅಂಥವರು ಯಾರು? ಹದಿನೆಂಟು ವರ್ಷ ಲೆಕ್ಕ ಬರೆದ ಅದೇ ಅಕ್ಕ. ತಂತ್ರಜ್ಞ ತರುಣನಿಗೆ ಆಕೆ ಬೇಕು. ಆಕೆಗೆ ಅವನಿಗಿಂತ ಹೆಚ್ಚಾಗಿ ಅವನಿಗೆ ಆಕೆ ಬೇಕು.

ಇದು ಸಣ್ಣ ಸಂಘದ ಮಾತು ಮಾತ್ರವಲ್ಲ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೆನೆಯಿರಿ. 176 ತಾಲ್ಲೂಕುಗಳ, ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ, ಬೆರಳಚ್ಚು ಮಾಡಿದ ಪ್ರತಿಗಳನ್ನು ತಾಳೆ ನೋಡಲು ಕೊಟ್ಟದ್ದು ಗ್ರಾಮಲೆಕ್ಕಿಗರಿಗೇ. ಹಾಗಿದ್ದೂ ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೊಸ ಪಹಣಿಗೂ ಇಳಿದು, ತಿದ್ದುಪಡಿಗೆಂದು ತಾಲ್ಲೂಕು ಕಛೇರಿಗೆ ಅಲೆದವರು ನಮ್ಮ ವಾಚಕರಲ್ಲಿಯೇ ಇರಬಹುದು. ಪುಸ್ತಕದಲ್ಲಿ ಇರುವುದನ್ನೇ ಯಂತ್ರ ಹೇಳುತ್ತದೆ. ನಗದು ಪುಸ್ತಕ ಸರಿಯಿಲ್ಲದ ಸಂಘಕ್ಕೆ ಗಣಕಯಂತ್ರ ಕೊಟ್ಟರೆ, ಅದೇ ತಪ್ಪು ಅಂದವಾಗಿ ಅಚ್ಚಾಗಿ ಬರುತ್ತದೆ.

ಪುಸ್ತಕವಿಡುವ ಶಿಸ್ತು ಕಥೋಲಿಕರಿಗೆ ಹೊಸದಲ್ಲ. ವಧೂವರರ ಹಾಗೂ ಸಾಕ್ಷಿಗಳ ಹೆಸರು, ವಿವಾಹದ ದಿನ, ಸ್ಥಳ ಇವನ್ನು ಧರ್ಮಕೇಂದ್ರದ ಗುರುಗಳು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿಯೇ ವಿಧಿಸಿತು. 1983ರ ಧರ್ಮಸಭಾ ಕಾನೂನಿನ 1284ನೆಯ ವಿಧಿ, ಸ್ವತ್ತಿನ ಆಡಳಿತ ಹೊತ್ತವರು ಆದಾಯ ವೆಚ್ಚಗಳ ಪುಸ್ತಕವನ್ನು ಕ್ರಮವಾಗಿಟ್ಟು ವರ್ಷಾಂತ್ಯದಲ್ಲಿ ಲೆಕ್ಕ ಸಿದ್ಧಪಡಿಸಬೇಕೆನ್ನುತ್ತದೆ. ನಮ್ಮ ಹಳೆಯ ದೀಕ್ಷಾಸ್ನಾನದ ಪುಸ್ತಕಗಳು ಗೆದ್ದಲಿಗೂ ಮಳೆಗೂ ಸಿಕ್ಕಿ ಉಳಿದುಬಂದಿವೆ. ತೆರೆದರೆ ಇಂದಿಗೂ ಓದಬಹುದು. 2006ರಲ್ಲಿ ಸಿ.ಡಿ.ಯಲ್ಲಿ ಇಟ್ಟದ್ದನ್ನು ತೆರೆಯಲು ಇಂದಿನ ಅನೇಕ ಯಂತ್ರಗಳಲ್ಲಿ ಸಾಧನವೇ ಇರದು. ಆದಕಾರಣ ಕಾಗದವನ್ನು ಹಳೆಯದೆಂದು ತಳ್ಳುವ ಉತ್ಸಾಹ ನಮಗಿಲ್ಲ. ಮೊದಲ ಒಂದು ವರ್ಷ ಪುಸ್ತಕ, ಗಣಕಯಂತ್ರ ಎರಡರಲ್ಲಿಯೂ ಬರೆಯಲಿ. ತಿಂಗಳ ಕೊನೆಯಲ್ಲಿ ಎರಡೂ ತಾಳೆಯಾಗಲಿ. ಆಗದಿದ್ದರೆ ಸದ್ಯಕ್ಕೆ ಪುಸ್ತಕವನ್ನೇ ನಂಬಲಿ.

ಮತ್ತೊಂದು ಮಾತು, ಪ್ರಾಸಂಗಿಕವಾಗಿ. ಟ್ಯಾಲಿ ನಮ್ಮ ಬೆಂಗಳೂರಿನಲ್ಲಿಯೇ ಬೆಳೆದ ಉತ್ತಮ ತಂತ್ರಾಂಶ. ಆದರೆ ತಿಂಗಳಿಗೆ ನಲವತ್ತು ರಸೀದಿಯ ಸಂಘಕ್ಕೆ ಅದೂ ಬೇಕಿಲ್ಲ. ಎಕ್ಸೆಲ್ ಮಾದರಿಯ ಒಂದು ಹಾಳೆ ಸಾಕು. ಉತ್ಸಾಹಿ ತರುಣರು ಸಂಘಕ್ಕೆಂದೇ ಹೊಸ ಆ್ಯಪ್ ಮಾಡಿಕೊಡುತ್ತೇವೆಂದು ಹೊರಟರೆ ಹಿರಿಯರು ಮೃದುವಾಗಿ ತಡೆಯಬೇಕು. ಮಾಡಿದವನಿಗೆ ಮದುವೆಯಾದೊಡನೆಯೋ ಬೇರೆ ಊರಿಗೆ ವರ್ಗವಾದೊಡನೆಯೋ ಅದರ ಆರೈಕೆ ನಿಂತುಹೋಗುತ್ತದೆ.

ಸಣ್ಣ ಸಂಸ್ಥೆಗಳ ಪಕ್ಕದಲ್ಲಿ ನಿಂತು ನೆರವಾಗುವ ಕೆಲಸ ಕರ್ನಾಟಕದಲ್ಲಿ ಹಿಂದೆಯೂ ನಡೆದಿದೆ. ಸ್ವಯಂಸೇವಾ ಸಂಸ್ಥೆಗಳಿಗೆ ಮುಕ್ತ ತಂತ್ರಾಂಶದ ಮೂಲಕ ಕಡಿಮೆ ವೆಚ್ಚದಲ್ಲಿ ನೆರವಾಗಬೇಕೆಂದು ಸುನಿಲ್ ಅಬ್ರಹಾಂ ಅವರು 1998ರಲ್ಲಿ ‘ಮಾಹಿತಿ’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಮೈರಾಡ, ವಾಯ್ಸಸ್ ಮತ್ತು ಯುನೆಸ್ಕೋ ನೆರವಿನಿಂದ ‘ನಮ್ಮ ಧ್ವನಿ’ ನಡೆಯಿತು. ಹಳ್ಳಿಯ ಸಂಘಗಳು ತಮ್ಮದೇ ಬಾನುಲಿ ಪ್ರಸಾರ ಮಾಡಲು ಕೇಂದ್ರ ಸರಕಾರ ಅವಕಾಶ ಕೊಟ್ಟದ್ದು 2006ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲೇ, 2003ರಲ್ಲಿ, ಬೂದಿಕೋಟೆಯವರು ತಮ್ಮ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಳುಹಿಸಿದರು. ಧ್ವನಿಮುದ್ರಣ ಮಾಡಿದವರು ಊರಿನವರೇ. ಸ್ವಸಹಾಯ ಗುಂಪಿನ ಹೆಂಗಸರು ಅದರಲ್ಲಿ ಮುಂದಿದ್ದರು. ಹೊರಗಿನವರು ಕಲಿಸಿಕೊಟ್ಟರು, ಯಂತ್ರದ ಮುಂದೆ ಕೂತವರು ಊರಿನವರು.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಕಥೋಲಿಕ ಕುಟುಂಬಗಳ ಎಷ್ಟು ಮಕ್ಕಳು ಇಂದು ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ದುಡಿಯುತ್ತಿಲ್ಲ! ಶನಿವಾರ ಸಂಜೆ ರೈಲಿನಲ್ಲೋ, 2023ರಲ್ಲಿ ತೆರೆದ ಹೊಸ ಹೆದ್ದಾರಿಯಲ್ಲೋ ಊರಿಗೆ ಬರುತ್ತಾರೆ. ಭಾನುವಾರದ ಬಲಿಪೂಜೆ ಮುಗಿಸಿ, ಊಟ ಮಾಡಿ ಹಿಂದಿರುಗುತ್ತಾರೆ. ತಿಂಗಳಲ್ಲಿ ಒಂದು ಭಾನುವಾರ, ಊಟಕ್ಕೆ ಮೊದಲು ಎರಡು ಗಂಟೆ. ತಂದೆತಾಯಿಯರು ಕೇಳಿದರೆ ಇಲ್ಲವೆನ್ನಲಾರರು. ಅವರು ಬಂದಾಗ ಒಂದೇ ಒಂದು ನಿಯಮ ಪಾಲಿಸಲಿ: ಮೌಸ್ ಹಿಡಿಯುವುದು ಲೆಕ್ಕ ಬರೆಯುವವರ ಕೈ, ತರುಣರದ್ದಲ್ಲ. “ನೀವು ಬಿಡಿ ಅಕ್ಕ, ನಾನೇ ಮಾಡಿಬಿಡುತ್ತೇನೆ,” ಎನ್ನುವ ಒಳ್ಳೆಯತನದಿಂದಲೇ ಆ ಗಲ್ಫಿನ ಕಥೆ ಹುಟ್ಟಿಕೊಂಡಿತು.

ಬಡವರ ಮಾನದ ವಿಷಯವೂ ಇದರಲ್ಲಿದೆ. ಹಿಂದೆ ಸಂಘದ ನೆರವು ಪಡೆದವರ ಹೆಸರು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಇರುತ್ತಿತ್ತು. ಇಂದು ಅಕ್ಕಿ ಚೀಲ ಹಿಡಿದ ವಿಧವೆಯ ಭಾವಚಿತ್ರ, ಆಕೆಯ ಆಧಾರ್ ಪ್ರತಿ, ಮಗುವಿನ ಕಾಯಿಲೆಯ ವಿವರ ಎಲ್ಲವೂ ವಾಟ್ಸ್ಆ್ಯಪ್ ಗುಂಪಿನಲ್ಲಿ ನೂರು ಮಂದಿಯ ಕೈಸೇರುತ್ತವೆ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಹದಿನೆಂಟು ತುಂಬದವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಕಾನೂನು ಬರುವ ಮೊದಲೇ ನಮಗೆ ತಿಳಿದಿರಬೇಕಾಗಿದ್ದ ಮರ್ಯಾದೆಯಿದು. ಪಟ್ಟಿ ಸಂಘದ ಯಂತ್ರದಲ್ಲಿರಲಿ, ಇಬ್ಬರಿಗೆ ಮಾತ್ರ ತೆರೆಯಲಿ, ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಬೇರೆ ಮನೆಯಲ್ಲಿ ಭದ್ರವಾಗಿರಲಿ.

ಆರ್ಥಿಕ ವರ್ಷ ಮುಗಿದು ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುವಾಗ, ಪೆಟ್ಟಿಗೆ ತೆರೆದು ಎಣಿಸುವ ಹೊತ್ತಿನಲ್ಲಿ ಇವನ್ನೂ ಎಣಿಸಿ. ಸಂಘದ ಹೆಸರಿನ ಇ-ಮೇಲ್ ವಿಳಾಸ ಯಾವುದು? ಅದರ ಪಾಸ್‌ವರ್ಡ್ ಬಲ್ಲ ಇಬ್ಬರು ಯಾರು? ಆದಾಯ ತೆರಿಗೆಯ ತಾಣ, ಬ್ಯಾಂಕು, ಕೇಂದ್ರದ ದರ್ಪಣ ತಾಣ ಇವುಗಳಲ್ಲಿ ಯಾರ ಮೊಬೈಲ್ ಸಂಖ್ಯೆಯಿದೆ? ಆ ಸಿಮ್ ಕಾರ್ಡ್ ಸಂಘದ್ದೇ, ವ್ಯಕ್ತಿಯದ್ದೇ? ಕಾಣಿಕೆ ಡಬ್ಬದ ಮೇಲೆ ಅಂಟಿಸಿದ ಯುಪಿಐ ಚೌಕದಿಂದ ಹಣ ಹೋಗುವುದು ಸಂಘದ ಖಾತೆಗೋ, ಕಾರ್ಯದರ್ಶಿಗಳ ಸ್ವಂತ ಖಾತೆಗೋ? ಕಾರ್ಯದರ್ಶಿಗಳು ಪ್ರಾಮಾಣಿಕರೇ ಇರಬಹುದು. ಅವರ ಹೆಸರು ಉಳಿಸುವುದಕ್ಕಾಗಿಯೇ ಅದು ಸಂಘದ ಖಾತೆಗೆ ಹೋಗಬೇಕು. ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪಾಸ್‌ವರ್ಡುಗಳನ್ನು ಮಾತ್ರ ಅಲ್ಲಿ ಬರೆಯಬೇಡಿ. ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಇಬ್ಬರ ಸಹಿ ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಡಿ.

ಹೊಲಿಗೆ ಕೇಂದ್ರದಲ್ಲಿ ಈಗ ಹೀಗೆಯೇ ಮಾಡಿದ್ದಾರೆ. ಅದೇ ಧರ್ಮಕೇಂದ್ರದ ಇಬ್ಬರು ತರುಣಿಯರು ಎರಡನೆಯ ಭಾನುವಾರ ಬರುತ್ತಾರೆ. ಒಬ್ಬ ದಾನಿ ಮುದ್ರಣಯಂತ್ರ ಕೊಟ್ಟಿದ್ದಾರೆ. ಹಳೆಯ ಕಡತಗಳಲ್ಲಿ 2011ರವರೆಗಿನವು ಕನ್ನಡವಾಗಿ ಮರಳಿ ಬಂದಿವೆ, ಉಳಿದವು ಬಾಕಿ. ಗಣಕಯಂತ್ರದ ಕಸೂತಿ ಹೊದಿಕೆಯನ್ನು ಅಕ್ಕ ಬಿಟ್ಟಿಲ್ಲ. ಕೆಲಸ ಮುಗಿದೊಡನೆ ಹೊದಿಸಿಬಿಡುತ್ತಾರೆ. ಕೇಳಿದರೆ, ಮಣ್ಣಿನ ರಸ್ತೆ ಸಾರ್, ಧೂಳು ಹೆಚ್ಚು, ಎನ್ನುತ್ತಾರೆ.